ಬಿಸಿಲಿಗೇ ಹರವು, ಕುಮುದಾ

ಕುಮುದಾ,

ನೀನು ಬಚ್ಚಲ ಸೌದೆಯ ಹಿಂದೆ ಬಚ್ಚಿಟ್ಟಿದ್ದ ಮುಟ್ಟಿನ ಬಟ್ಟೆ ಬೆಳಿಗ್ಗೆ ನನ್ನ ಕೈಗೆ ಸಿಕ್ಕಿತು. ಹಸಿ ಆರಿರಲಿಲ್ಲ, ಬೂಷ್ಟು ಹಿಡಿದಿತ್ತು. ತುರಿಕೆ ತಾಳಲಾರದೆ ಮೂರು ದಿನ ಕಾಲೇಜು ತಪ್ಪಿಸಿದ್ದು ಇದರಿಂದಲೇ. ಬಿ.ಎಸ್ಸಿ. ಓದುತ್ತೀ, ನನಗಾದರೂ ಹೇಳಬಾರದಿತ್ತೇ?

ನನ್ನ ಹಳೆಯ ನೂಲಿನ ಸೀರೆ ಹರಿದು ನಿನ್ನ ಟ್ರಂಕಿನ ಮೇಲಿಟ್ಟಿದ್ದೇನೆ. ಇನ್ನುಮೇಲೆ ಸೋಪು ಹಾಕಿ ಒಗೆದು ಅಂಗಳದ ತಂತಿಯ ಮೇಲೆ ಬಿಸಿಲಿಗೇ ಹರವು. ಮೇಲೊಂದು ಟವೆಲ್ ಮುಚ್ಚಿ ಕಳ್ಳಾಟ ಆಡಬೇಡ.

ಶನಿವಾರ ಕೊಪ್ಪದ ಲೇಡಿ ಡಾಕ್ಟರ ಹತ್ತಿರ ಹೋಗುವುದು ಖಂಡಿತ.

"ಎಂತದೇ ಇದು, ಗಂಡಸ್ರು ಓಡಾಡೋ ಜಾಗದಲ್ಲಿ! ನಾಚಿಕೆ ಬ್ಯಾಡ್ವೇನೇ?" ಎಂದು ನಿಮ್ಮಮ್ಮ ಕೂಗಾಡುತ್ತಾರೆ, ಗೊತ್ತು. ಹೆದರಿ ತೆಗೆಯಬೇಡ. ಬಟ್ಟೆ ಅತ್ತಿಗೆಯದು ಎಂದುಬಿಡು. ಸಂಜೆ ಶಾಲೆಯಿಂದ ಬಂದು ಬೈಸಿಕೊಳ್ಳುವವಳು ನಾನು.

ವಾರಿಜಾ