ಸದ್ದು ಕೇಳುವ ಕೆಲಸಕ್ಕೆ ನನ್ನ ಅಣ್ಣ

ಮಾನ್ಯ ಕಾರ್ಖಾನೆ ತಪಾಸಣಾಧಿಕಾರಿಗಳೇ,

ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬುದನ್ನು ನಾನು ಬರೀ ಗಾದೆ ಎಂದು ತಿಳಿದಿದ್ದೆ. ತಾವು ಅದನ್ನೊಂದು ಹುದ್ದೆ ಮಾಡಿ, ಅಲ್ಲಿ ನನ್ನ ಅಣ್ಣನನ್ನು ಕೂರಲು ಬಿಟ್ಟು, ಮೊಹರನ್ನೂ ಒತ್ತಿದ್ದೀರಿ.

ಈ ಪತ್ರವನ್ನು ಪತ್ರಿಕೆಯಲ್ಲಿ ಓದುವವರಿಗೂ ತಿಳಿಯಲಿ. ನಮ್ಮ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವುದು ವಜ್ರದ ಪುಡಿಯ ಲೇಪವಿರುವ ಬ್ಲೇಡುಗಳಿಂದ. ಸವೆದದ್ದನ್ನು ಎಸೆಯುವುದಿಲ್ಲ, ಹಳೆಯ ಲೇಪ ಕಿತ್ತು, ಒಳಗಿನ ಉಕ್ಕಿನ ತಟ್ಟೆಗೆ ಹೊಸದಾಗಿ ಲೇಪ ಕೊಡುತ್ತಾರೆ. ಅದಕ್ಕೆ ಮೊದಲು ತಟ್ಟೆಯನ್ನು ತೂಗುಹಾಕಿ ಮರದ ಸುತ್ತಿಗೆಯಿಂದ ಬಡಿದು ನೋಡಬೇಕು. ಗಟ್ಟಿ ತಟ್ಟೆ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ. ಬಡಿದು ಕೇಳುವವನು ನನ್ನ ಅಣ್ಣ. ಅವನ ಎರಡೂ ಕಿವಿಗಳನ್ನು ಅದೇ ಕಾರ್ಖಾನೆಯ ಯಂತ್ರ ಎಂದೋ ತಿಂದು ತೇಗಿದೆ. ಕಿವಿ ಹೋದವನಿಗೆ ಹಗುರ ಕೆಲಸ ಕೊಟ್ಟೆವೆಂದು ಮಾಲೀಕರು ಪುಣ್ಯ ಕಟ್ಟಿಕೊಂಡರು. ಅಣ್ಣ ಸರಿಯಿದೆ ಎಂದು ದಾಟಿಸಿದ ಬ್ಲೇಡು ಹಾಕಿ ಕಲ್ಲು ಕೊಯ್ಯುವವರು ನನ್ನ ಗಂಡ. ಸಂಜೆ ಅವರು ಬಾಗಿಲಿಗೆ ಬಂದರೆ ನಾನು ಮುಖಕ್ಕಿಂತ ಮೊದಲು ಬೆರಳು ನೋಡುತ್ತೇನೆ.

ತಾವು ತಪಾಸಣೆಗೆ ಬಂದ ದಿನ ನಾನು ಅಲ್ಲೇ ನೆಲ ತೊಳೆಯುತ್ತಿದ್ದೆ. "ಸದ್ದೆಲ್ಲ ಸರಿಯಾಗಿ ಬರ್ತಿದೆಯೇನಪ್ಪಾ?" ಎಂದಿರಿ. "ಊಟ ಆಯ್ತು ಸಾಹೇಬ್ರೇ" ಎಂದ ಅಣ್ಣ. ತಾವು ಹೊಟ್ಟೆ ಹಿಡಿದು ನಕ್ಕಿರಿ, ನಗುತ್ತಲೇ ಸಹಿ ಹಾಕಿದಿರಿ. ಅನುಮಾನವೇ ಬರಲಿಲ್ಲವೇ, ಅಥವಾ ಅನುಮಾನ ಪಡಲಿಕ್ಕೂ ಮೇಲಿನವರ ಅಪ್ಪಣೆ ಬೇಕೇ?

ಹೆದರಿ ಹೆದರಿ ತಮ್ಮ ಕಚೇರಿಗೂ ಬಂದೆ. "ಅಣ್ಣನಿಗೆ ಕಿವಿ ಕೇಳಲ್ಲ ಅಂತ ನೀನೇ ಬರೆದುಕೊಡಮ್ಮ, ನಾಳೆಯೇ ಅವನನ್ನ ಮನೆಗೆ ಕಳಿಸ್ತೀನಿ. ಕೊಡ್ತೀಯಾ?" ಎಂದಿರಿ. ಅವನಿಗೆ ಇನ್ನಾರು ಕೆಲಸ ಕೊಡುತ್ತಾರೆ? ಬಾಲ ಮುದುರಿಕೊಂಡು ಹೊರಟೆ. ಹೊರಡುತ್ತೇನೆಂದು ತಮಗೆ ಗೊತ್ತಿತ್ತು.

ಕಳೆದ ವಾರ ತಿರುಗುತ್ತಿದ್ದ ಬ್ಲೇಡು ಸೀಳಿಹೋಯಿತು. ತುಂಡು ನನ್ನ ಗಂಡನ ತೋಳಿನ ಚರ್ಮ ಸುಲಿದು ಗೋಡೆಗೆ ನಾಟಿತು. ಅಂದು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣ ಹೇಳಿದ, "ಇವತ್ತು ಒಂದೂ ಕೆಟ್ಟದ್ದು ಬರಲಿಲ್ಲ ನೋಡು." ಗಂಡ ಪಟ್ಟಿ ಕಟ್ಟಿದ ತೋಳನ್ನು ಹೊದಿಕೆಯೊಳಗೆ ಎಳೆದುಕೊಂಡು, "ಎಲ್ಲ ನಿಮ್ಮ ಕೈಗುಣ, ಭಾವ" ಎಂದು ಕೂಗಿ ಹೇಳಿದರು.

ಆ ಜಾಗಕ್ಕೆ ಕಿವಿ ಇರುವವರನ್ನು ಹಾಕಿಸಿ. ಅಣ್ಣನಿಗೆ ಕಣ್ಣು, ಕೈ ಸಾಕಾಗುವ ಕೆಲಸ ಕೊಡಿಸಿ. ಅಲ್ಲಿಯವರೆಗೆ ಅವನು ದಾಟಿಸಿದ ಬ್ಲೇಡಿನ ಮುಂದೆ ತಾವೇ ಬಂದು ನಿಲ್ಲಿ. ತಮ್ಮ ತೋಳು ದಪ್ಪಗಿದೆ, ಸ್ವಲ್ಪ ಸುಲಿದರೂ ಸಹಿ ಹಾಕುವಷ್ಟು ಉಳಿಯುತ್ತದೆ.

ಬ್ಲೇಡು ಸೀಳಿಹೋದದ್ದು ಅಣ್ಣನಿಗೆ ಇನ್ನೂ ಗೊತ್ತಿಲ್ಲ. ಆದರೆ ಅವನು ದಿನಾ ಪತ್ರಿಕೆ ಓದುತ್ತಾನೆ.

ಇಂತಿ,
ಗಂಡನ ತೋಳಿಗಾಗಿ ಅಣ್ಣನ ಅನ್ನಕ್ಕೆ ಕಲ್ಲು ಹಾಕುತ್ತಿರುವ ತಂಗಿ