ಸಾಸಿವೆ ದಿಂಬು

ಮಧುಗಿರಿ
17 ಫೆಬ್ರವರಿ 2025, ಸೋಮವಾರ

ಪ್ರೀತಿಯ ಆಶಾ,

ಚೆನ್ನಾಗಿದ್ದೀಯಾ? ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ? ನಾನು ಕ್ಷೇಮ ಎಂದು ಬರೆಯುವ ಹಾಗಿಲ್ಲ, ಅದು ನಿನಗೂ ಗೊತ್ತು. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಇವತ್ತು ಫೋನ್ ಎತ್ತುತ್ತೀಯ, ನಾಳೆ ಎತ್ತುತ್ತೀಯ ಎಂದು ಕಾಯುತ್ತ ಕೂತಿದ್ದೆ. ವಾಟ್ಸಾಪಿನಲ್ಲಿ ಹಾಕಿದ್ದಕ್ಕೆಲ್ಲ ಎರಡೆರಡು ನೀಲಿ ಗೆರೆ ಬಂದವು, ನಿನ್ನಿಂದ ಒಂದು ಮಾತು ಬರಲಿಲ್ಲ. ಸಂಕ್ರಾಂತಿಯಿಂದ ಇದೇ ಕಥೆ. ಕಾಗದವನ್ನಾದರೆ ಕಟ್ ಮಾಡಲು ಆಗುವುದಿಲ್ಲವಲ್ಲ, ಅದಕ್ಕೇ ಮಗಳು ರಕ್ಷಾಳ ಹಳೇ ಲಾಂಗ್ ಬುಕ್ಕಿನಿಂದ ಹಾಳೆ ಹರಿದುಕೊಂಡು ಕೂತಿದ್ದೇನೆ. ಹೊಲಿಗೆ ಮಿಶನ್ನಿನ ಮೇಲಿಟ್ಟು ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಾಗಿದ್ದರೆ ಅನುಸರಿಸಿಕೋ.

ಮೊದಲು ವಿಷಯ ಹೇಳಿಬಿಡುತ್ತೇನೆ. ಶಿವರಾತ್ರಿಯ ಮಾರನೇ ದಿನ, ಗುರುವಾರ, ನಾನು ಬೆಂಗಳೂರಿನಲ್ಲಿ ಅಡ್ಮಿಟ್ ಆಗಬೇಕು. ಎಡಗಡೆಯ ಎದೆ ತೆಗೆದಿದ್ದಾರಲ್ಲ, ಅದೇ ಜಾಗದಲ್ಲಿ, ಆ ಗಾಯದ ಗೆರೆಯ ಮೇಲೆಯೇ ಮತ್ತೆ ಬಂದಿದೆ. ಸುತ್ತಲಿನ ಚರ್ಮವನ್ನೆಲ್ಲ ಕತ್ತರಿಸಿ, ತೊಡೆಯ ಚರ್ಮ ತಂದು ತೇಪೆ ಹಾಕುತ್ತಾರಂತೆ. ಆಮೇಲೆ ಕರೆಂಟು, ಅದೇ ರೇಡಿಯೇಶನ್, ಕೊಡುತ್ತಾರೆ. ಸ್ಕ್ಯಾನಿನಲ್ಲಿ ಬೇರೆಲ್ಲೂ ಹರಡಿರುವುದು ಕಾಣಲಿಲ್ಲ, ಈಗಲೇ ಮಾಡಿಸಿಕೊಂಡರೆ ವಾಸಿ ಎಂದರು ಡಾಕ್ಟರಮ್ಮ. ನೀನು ನನ್ನ ಜೊತೆ ಬರುತ್ತೀಯೋ ಇಲ್ಲವೋ, ಅದೊಂದು ಹೇಳು. ಐದು ವರ್ಷದ ಹಿಂದೆ ಇಬ್ಬರೂ ಒಂದೇ ವಾರ್ಡಿನಿಂದ ಹೊರಟ ದಿನ ಮಾತಾಡಿಕೊಂಡದ್ದು ನೆನಪಿದೆಯಾ? ಮತ್ತೆ ಯಾರು ಈ ಮೆಟ್ಟಿಲು ಹತ್ತಬೇಕಾದರೂ ಇನ್ನೊಬ್ಬಳು ಪಕ್ಕದಲ್ಲಿರಬೇಕು ಎಂದು. ಮಾತು ತೆಗೆದವಳು ನೀನೇ. "ಏಂ ಕಾದಕ್ಕಾ, ನಿಂಗೂ ಏನೂ ಆಗಲ್ಲ, ನಂಗೂ ಏನೂ ಆಗಲ್ಲ. ಆದ್ರೂ ಮಾತು ಅಂದ್ರೆ ಮಾತು" ಅಂದಿದ್ದೆ, ನಿಮ್ಮ ಪಾವಗಡದ ತೆಲುಗು ಸೇರಿಸಿಕೊಂಡು. ನಾನು ಅದನ್ನು ನಂಬಿಕೊಂಡೇ ಇದ್ದೆ ಕಣೇ.

ಇಲ್ಲಿ ನನಗೆ ತಲೆ ಕೆಟ್ಟುಹೋಗಿದೆ. ಬೀದಿಯಲ್ಲಿ ಎದುರಾದವರೆಲ್ಲ ಕೇಳುವುದು ಒಂದೇ. "ತೆಗ್ದು ಬಿಸಾಕಿದ್ರಲ್ಲ, ಇಲ್ದೇ ಇರೋ ಜಾಗದಾಗೆ ಹೆಂಗೆ ಬಂತಮ್ಮ?" ನಾನೇ ಕರೆದು ಮಣೆ ಹಾಕಿ ಕೂರಿಸಿಕೊಂಡಿದ್ದೇನೆ ಎನ್ನುವ ಹಾಗೆ. ಊರಿನವರದು ಹಾಳಾಗಲಿ, ನಮ್ಮ ಯಜಮಾನರು ಡಾಕ್ಟರಮ್ಮನ ಹತ್ತಿರವೇ ಜಗಳಕ್ಕೆ ನಿಂತರು. ಅವರ ಸುಟ್ಟ ಮೋಟಾರಿಗೆ ತಂತಿ ಕಟ್ಟುವ ಅಂಗಡಿ ನಿನಗೆ ಗೊತ್ತಲ್ಲ. "ಮೇಡಂ, ಪೂರ್ತಿ ತೆಗ್ದುಬುಟ್ವಿ ಅಂದಿದ್ರಿ. ನಾನು ಕಟ್ಟಿದ ಮೋಟ್ರು ತಿರ್ಗಾ ಸುಟ್ಟೋದ್ರೆ ನಾನೇ ಬಿಟ್ಟಿಯಾಗಿ ಕಟ್ಕೊಡ್ತೀನಿ. ನಿಮ್ದೇನು ಲೆಕ್ಕ?" ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಪುಣ್ಯಾತ್ಗಿತ್ತಿ ಸಿಟ್ಟು ಮಾಡಿಕೊಳ್ಳದೆ, ಎದೆ ತೆಗೆದರೂ ಚರ್ಮ ಇರುತ್ತದೆ, ಕೆಳಗೆ ಮಾಂಸ ಇರುತ್ತದೆ, ಕಣ್ಣಿಗೆ ಕಾಣದ ಒಂದು ಕಣ ಉಳಿದರೂ ಸಾಕು ಎಂದು ಬಿಡಿಸಿ ಹೇಳಿದರು. ನನಗೆ ತಟ್ಟನೆ ಅರ್ಥವಾಯಿತು. ಎಷ್ಟು ಹುಷಾರಾಗಿ ಹೊಲಿಗೆ ಬಿಚ್ಚಿದರೂ ಬಟ್ಟೆಯಲ್ಲಿ ದಾರದ ಎಳೆ ಉಳಿದಿರುತ್ತದಲ್ಲ, ಹಾಗೆ. ಇವರಿಗೆ ಮಾತ್ರ ಇನ್ನೂ ಅರ್ಥವಾಗಿಲ್ಲ. ಬಸ್ಸಿನಲ್ಲಿ ಕೊರಟಗೆರೆ ದಾಟುವವರೆಗೂ ಗೊಣಗುತ್ತಲೇ ಇದ್ದರು. ಆಮೇಲೆ ಕಿಟಕಿಯ ಕಡೆ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನಾನು ನೋಡದವಳ ಹಾಗೆ ಕೂತಿದ್ದೆ.

ಇಷ್ಟು ತಡವಾಗಿ ಗೊತ್ತಾಗಿದ್ದು ಯಾಕೆ ಎಂಬುದನ್ನು ನಿನಗೆ ಪೂರ್ತಿ ಹೇಳಿಯೇ ಇಲ್ಲ. ನಾನು ಹೇಳಲು ಹೊರಟ ದಿನ ನೀನು ಫೋನ್ ಇಟ್ಟುಬಿಟ್ಟೆ. ಈಗ ಕೇಳು. ನಮ್ಮ ದಿಂಬು ಇದೆಯಲ್ಲ, ಒಂದು ಪಕ್ಕ ಬೋಳಾಗಿ ಕಾಣಬಾರದೆಂದು ರವಿಕೆಯೊಳಗೆ ಇಟ್ಟುಕೊಳ್ಳಲು ಇಬ್ಬರಿಗೂ ಹೊಲಿದೆನಲ್ಲ, ತಪ್ಪನ್ನೆಲ್ಲ ಅದರ ತಲೆಗೇ ಕಟ್ಟಿದೆ. ಮೊದಲನೆಯ ದಿಂಬಿಗೆ ರಾಗಿ ತುಂಬಿ, ಬೇಸಿಗೆಯ ಬೆವರಿಗೆ ಅದು ಮೊಳಕೆಯೊಡೆದು, ನೀನು ಗಾಯ ನೋಯುತ್ತದೆ ಎನ್ನುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಮರೆತಿಲ್ಲ. "ಇನ್ನೆರಡು ದಿನ ಬುಟ್ಟಿದ್ರೆ ಪೈರು ನಾಟಿ ಮಾಡ್ಬಹುದಿತ್ತಲ್ಲಕ್ಕಾ" ಅಂದಿದ್ದೆ. ಆಮೇಲೆ ಸಾಸಿವೆ ತುಂಬಿ, ತೂಗಿ ನೋಡಿ, ಬಲಗಡೆಗೆ ಸರಿಸಮ ಮಾಡಿದೆ. ಅಲ್ಲಿಂದ ಆ ದಿಂಬು ಇಬ್ಬರ ಮಾನ ಕಾಪಾಡಿಕೊಂಡು ಬಂತು.

ದಸರಾ ಹೊತ್ತಿಗೆ ಗಾಯದ ಮೇಲೆ ಕೆಂಪು ಕೆಂಪಾಗಿ ಸಣ್ಣ ಗುಳ್ಳೆಗಳು ಎದ್ದವು. ನೋವಿಲ್ಲ, ಬರೀ ನವೆ. ದಿಂಬಿನ ಬಟ್ಟೆ ಉಜ್ಜುತ್ತಿದೆ ಎಂದುಕೊಂಡೆ. ಹೊಲಿಯುವವಳ ಬುದ್ಧಿ ಬಟ್ಟೆ ಬಿಟ್ಟು ಬೇರೆಲ್ಲಿಗೆ ಹೋದೀತು ಹೇಳು. ಪಾಪ್ಲಿನ್ ತೆಗೆದು ಮೆತ್ತನೆಯ ಮಲ್ಲು ಬಟ್ಟೆ ಹಾಕಿದೆ. ಅಂಚು ಒಳಗೆ ಮಡಿಚಿ ಹೊಲಿದೆ. ಹೋಗಲಿಲ್ಲ. ದೀಪಾವಳಿಗೆ ಐ.ಡಿ.ಹಳ್ಳಿಯಿಂದ ನಮ್ಮ ನಾದಿನಿ ಕೊಲ್ಲಾಪುರಮ್ಮ ಬಂದವಳು ಸ್ನಾನಕ್ಕೆ ನೀರು ಹಾಕುವಾಗ ನೋಡಿ ಎದೆ ಎದೆ ಬಡಿದುಕೊಂಡಳು. "ಅಯ್ಯೋ, ಸರ್ಪಸುತ್ತು ಕಣಮ್ಮ ಇದು! ಬಾಲಕ್ಕೆ ತಲೆ ಕೂಡ್ಕಂಡ್ರೆ ಆಳು ಉಳಿಯಕ್ಕಿಲ್ಲ. ಆಸ್ಪತ್ರೆಗೆ ಹೋಗಿ ಸೂಜಿ ಗೀಜಿ ಚುಚ್ಚಿಸ್ಬುಟ್ಟೀಯ, ನಡಿ ನಮ್ಮೂರಿಗೆ" ಎಂದು ಎಳೆದುಕೊಂಡು ಹೋದಳು. ಅಲ್ಲಿ ಪಾಲಣ್ಣ ಅಂತ ಒಬ್ಬ ಸರ್ಪಸುತ್ತಿಗೆ ಕೆಮ್ಮಣ್ಣು ಹಾಕುತ್ತಾನೆ. ಹೆಂಗಸರಿಗಾದರೆ ಆತ ಬಾಗಿಲಾಚೆ ಕೂತು ಮಂತ್ರ ಹೇಳುತ್ತಾನೆ, ಹೆಂಡತಿ ಆಂಜಿನಮ್ಮ ಒಳಗೆ ಬೆರಳಿನಿಂದ ಹಚ್ಚುತ್ತಾಳೆ. ಗುಳ್ಳೆಯ ಸುತ್ತ ಕೆಮ್ಮಣ್ಣಿನ ಕಟ್ಟೆ ಕಟ್ಟಿ, ತಲೆ ಬಾಲ ಕೂಡದ ಹಾಗೆ ನಡುವೆ ಗೆರೆ ಎಳೆಯುತ್ತಾಳೆ. ಒಳ್ಳೆಯ ಹೆಂಗಸು, ಕೈ ತಣ್ಣಗೆ ಹಿತವಾಗಿತ್ತು. ನೀರು ಸೋಕಿಸಬಾರದು, ಬೇರೆಯವರಿಗೆ ತೋರಿಸಬಾರದು ಎಂದು ಕಟ್ಟುನಿಟ್ಟು. ಒಣಗಿದ ಕೆಮ್ಮಣ್ಣಿನ ಕೆಳಗೆ ಗುಳ್ಳೆಗಳು ಕಾಣುತ್ತಿರಲಿಲ್ಲ, ಹಾಗಾಗಿ ವಾಸಿಯಾಯಿತು ಎಂದುಕೊಂಡೆ. ನಿನಗೇ ಫೋನ್ ಮಾಡಿ, ಪಾಲಣ್ಣನ ಕೈಗುಣ ಬಹಳ ಚೆನ್ನಾಗಿದೆ, ನವೆ ಹೇಳಹೆಸರಿಲ್ಲ ಎಂದು ಹೊಗಳಿದ್ದೆನಲ್ಲ. ನೀನೂ ಹತ್ತು ಸಲ ಕೇಳಿದೆ. ಎಷ್ಟು ಸಲ ಹಚ್ಚಿಸಬೇಕು, ಒಣಗಿದ ಮೇಲೆ ಉದುರುತ್ತದಾ, ದಿಂಬು ಇಟ್ಟುಕೊಳ್ಳಬಹುದಾ ಎಂದು.

ಕೊನೆಗೆ ನೋಡಿದವಳು ನನ್ನ ಮಗಳು ರಕ್ಷಾ. ಕೊರಟಗೆರೆಯ ಸೊಸೈಟಿಯಲ್ಲಿ ಕೆಲಸ ಮಾಡುತ್ತಾಳಲ್ಲ, ಮಧ್ಯಾಹ್ನವೇ ಮನೆಗೆ ಬಂದವಳು ನಾನು ಸೀರೆ ಬದಲಾಯಿಸುವಾಗ ಒಳಗೆ ಬಂದುಬಿಟ್ಟಳು. ಒದ್ದೆ ಬಟ್ಟೆ ತಂದು ಕೆಮ್ಮಣ್ಣು ಒರೆಸಿದಳು. "ಅಮ್ಮಾ, ಇದು ಸುತ್ತಲ್ಲ. ಮುಟ್ಟಿ ನೋಡು, ಒಳಗಡೆ ಗಂಟು ಗಂಟಾಗಿದೆ" ಅಂದಳು. ಮುಟ್ಟಿದೆ. ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ ಕೈಗೆ ಸಿಕ್ಕಿದವು. ಆಸ್ಪತ್ರೆಯಲ್ಲಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಅದೇ ಎಂದು ಬಂತು. ಆ ಸಂಜೆ ನಾನು ಮೊದಲು ಹೇಳಿದ್ದು ನಿನಗೆ. ನಮ್ಮಣ್ಣನಿಗೆ ಹೇಳಿರಲಿಲ್ಲ, ಅಕ್ಕಪಕ್ಕದವರಿಗೆ ಹೇಳಿರಲಿಲ್ಲ. "ಆಶಾ, ಅದು ಸರ್ಪಸುತ್ತು ಅಲ್ಲವಂತೆ ಕಣೇ, ಅದೇ ಮತ್ತೆ ಬಂದಿದೆಯಂತೆ" ಎಂದೆ. "ಅಯ್ಯೋ ದೇವುಡಾ" ಎಂದೆ ನೀನು. ಅಷ್ಟೇ. ಫೋನ್ ಕಟ್ಟಾಯಿತು. ನಿಮ್ಮ ಕಡೆ ಸೋಲಾರ್ ಪ್ಲಾಂಟಿನವರು ಕೆಲಸ ಮಾಡುತ್ತಿದ್ದಾರೆ, ನೆಟ್‌ವರ್ಕ್ ಹೋಗಿರಬೇಕು ಎಂದು ನಾನೇ ನಿನ್ನ ಪರವಾಗಿ ನೆಪ ಹುಡುಕಿಕೊಂಡೆ.

ಇನ್ನೊಂದು ತಮಾಷೆ ಕೇಳು. ಮಹಿಳಾ ದಿನಾಚರಣೆಗೆ ನಮ್ಮಿಬ್ಬರನ್ನೂ ಸ್ಟೇಜಿನ ಮೇಲೆ ಕೂರಿಸಿ, "ಕ್ಯಾನ್ಸರ್ ಗೆದ್ದ ದಿಟ್ಟೆಯರು" ಎಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರಲ್ಲ, ಆ ಸಂಘದವಳು ಮೊನ್ನೆ ಫೋನ್ ಮಾಡಿದ್ದಳು. "ಮೇಡಂ, ಈ ವರ್ಷಾನೂ ನೀವೇ ಎರಡು ಮಾತಾಡ್ಬೇಕು" ಅಂದಳು. ಅದು ಮತ್ತೆ ಬಂದಿದೆ, ಆಪರೇಶನ್ ಇದೆ ಎಂದೆ. "ಓ... ಸರಿ ಮೇಡಂ, ಹಂಗಾದ್ರೆ ಬೇರೆ ಯಾರನ್ನಾದ್ರೂ ನೋಡ್ತೀವಿ" ಅಂದಳು. ಹೇಗಿದ್ದೀರಿ ಎಂದು ಬಾಯಿಮಾತಿಗೂ ಕೇಳಲಿಲ್ಲ. ಶಾಲು ವಾಪಸ್ಸು ಕೊಡಬೇಕೇನಮ್ಮ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಇಟ್ಟುಬಿಟ್ಟಳು. ಗೆದ್ದರೆ ಶಾಲು, ಬಂದರೆ ಬೈಗುಳ. ಬದನೆಕಾಯಿ ತಿಂದೆಯಾ, ಮಿಶನ್ ತುಳಿದೆಯಾ, ಹರಕೆ ಮರೆತೆಯಾ ಎಂದು ಒಬ್ಬೊಬ್ಬರದು ಒಂದೊಂದು ತನಿಖೆ. ಮಾತ್ರೆ ಒಂದು ದಿನ ತಪ್ಪಿಸಿಲ್ಲ, ಚೆಕಪ್ ತಪ್ಪಿಸಿಲ್ಲ. ಇಷ್ಟು ಮಾಡಿಯೂ ಬಂದರೆ ಯಾರ ಮೇಲೆ ಕೂಗಾಡಲಿ? ಮನೆಯವರ ಮೇಲೆ ಕೂಗಾಡುತ್ತೇನೆ. ನಿನ್ನೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಎಂದಿದ್ದಕ್ಕೆ ತಟ್ಟೆ ಕುಕ್ಕಿದೆ. ಪಾಪ, ಅವರು ಎದ್ದು ತಾವೇ ನೀರು ಬೆರೆಸಿಕೊಂಡು ತಿಂದರು.

ಆದರೆ ಅವರ್ಯಾರೂ ನನಗೆ ಬಂದದ್ದನ್ನು ಅನುಭವಿಸಿದವರಲ್ಲ, ಅವರ ಮಾತನ್ನು ಗಾಳಿಗೆ ಬಿಡಬಹುದು. ನೀನು? ಕೂದಲು ಉದುರಿದ ದಿನ ನಾನು ಕನ್ನಡಿಗೆ ಟವೆಲ್ ಹಾಕಿದರೆ ಅದನ್ನು ಕಿತ್ತು ಬಿಸಾಕಿದವಳು ನೀನು. ಚೆಕಪ್ಪಿಗೆ ಹೋಗುವಾಗಲೆಲ್ಲ ಪಾವಗಡದಲ್ಲಿ ಬಸ್ಸು ಹತ್ತಿ, ಪಕ್ಕದ ಸೀಟಿಗೆ ಟವೆಲ್ ಹಾಕಿ, ಮಧುಗಿರಿ ಬರುವವರೆಗೂ ಯಾರನ್ನೂ ಕೂರಲು ಬಿಡದೆ ಜಗಳವಾಡಿಕೊಂಡು ಬರುತ್ತಿದ್ದವಳು. ಅಂಥವಳು ನನ್ನ ಸುದ್ದಿ ಕೇಳಿ ಬಾಗಿಲು ಹಾಕಿಕೊಂಡೆಯಲ್ಲ! ನನ್ನ ಮುಖ ನೋಡಿದರೆ ನಿನಗೂ ಬಂದುಬಿಡುತ್ತದೆಯೇ? ಬೇರೆಯವರು ಹಾಗೆ ಅಂದುಕೊಂಡರೆ ದಡ್ಡತನ ಎನ್ನಬಹುದು, ನೀನು ಅಂದುಕೊಂಡರೆ ಹೊಟ್ಟೆ ಉರಿಯುತ್ತದೆ. ಉರಿಯುತ್ತಿದೆ, ಮುಚ್ಚಿಟ್ಟು ಏನು ಮಾಡಲಿ.

ಇರಲಿ. ನಿನ್ನ ಹಸಿರು ರವಿಕೆ ಹೊಲಿದು ಇಟ್ಟಿದ್ದೇನೆ, ಕಾಜ ಮಾಡುವುದೊಂದು ಬಾಕಿ. ನಿನ್ನ ಮಗ ನವೀನನಿಗೆ ಪರೀಕ್ಷೆ ಹತ್ತಿರ ಬಂತು, ಚೆನ್ನಾಗಿ ಬರೆಯಲಿ, ನನ್ನ ಆಶೀರ್ವಾದ ಹೇಳು. ನಿನ್ನ ಯಜಮಾನರಿಗೆ ನಮಸ್ಕಾರ. ನಿನಗೆ ಆ ದಂಡಿನ ಮಾರಮ್ಮ ಆಯಸ್ಸು ಕೊಡಲಿ, ಕೊಟ್ಟ ಮಾತು ಉಳಿಸಿಕೊಳ್ಳುವ ಬುದ್ಧಿಯನ್ನೂ ಜೊತೆಗೆ ಕೊಡಲಿ. ಬರುವುದಾದರೆ ಬಾ, ಬಾರದಿದ್ದರೆ ಬರುವುದಿಲ್ಲ ಎಂದಾದರೂ ಹೇಳು.

ಇಂತಿ ನಿನ್ನ,
ರಾಜಕ್ಕ

ಮರೆತ ಮಾತು: ಮರೆತದ್ದಲ್ಲ, ಈಗ ತಾನೇ ಬಂದದ್ದು. ಕಾಗದ ಮಡಿಚಿ ಕವರಿಗೆ ಹಾಕುತ್ತಿದ್ದೆ, ಅಷ್ಟರಲ್ಲಿ ಪಾವಗಡ ಬಸ್ಸಿನ ಕಂಡಕ್ಟರ್ ರಂಗೇಶ ನೀನು ಕೊಟ್ಟ ಕವರು ತಂದುಕೊಟ್ಟ. ನಿನ್ನ ಕೈಬರಹ ನೋಡಿ ಎಷ್ಟು ಖುಷಿಯಾಯಿತು ಗೊತ್ತಾ? ಒಳಗೆ ನಾನು ಹೊಲಿದುಕೊಟ್ಟ ದಿಂಬು. ಜೊತೆಗೆ ಒಂದು ಚೀಟಿ: "ಅಕ್ಕಾ, ಇನ್ನು ಇದು ಬೇಡ. ಮೈಗೆ ಒಗ್ತಾ ಇಲ್ಲ." ಅಷ್ಟೇ.

ಹಾಳಾಗಿ ಹೋಗು ಎಂದು ಬೈದು ದಿಂಬನ್ನು ಮೂಲೆಗೆಸೆದೆ. ನನ್ನ ಕೈ ಸೋಕಿದ್ದು ಮೈಮೇಲಿರುವುದೂ ಇವಳಿಗೆ ಬೇಡವಾಯಿತು ಎಂದು ಅಳು ಬಂತು. ಆಮೇಲೆ ಸಾಸಿವೆಯನ್ನಾದರೂ ತೆಗೆದುಕೊಳ್ಳೋಣ ಎಂದು ಹೊಲಿಗೆ ಬಿಚ್ಚಿದೆ. ಮೇಲಿನ ಬಟ್ಟೆ ಒಗೆದು ಕಳಿಸಿದ್ದೀಯ. ಒಳಮಡಿಕೆಯಲ್ಲಿ ಕೆಂಪು ಉಳಿದಿದೆ. ರಕ್ತವಲ್ಲ. ನನ್ನ ದಿಂಬಿಗೂ ಹತ್ತಿತ್ತು, ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಕೆಮ್ಮಣ್ಣು.

ಯಾವಾಗಿನಿಂದ ಹಚ್ಚಿಸುತ್ತಿದ್ದೀಯ ಆಶಾ? ನಾನು ಪಾಲಣ್ಣನನ್ನು ಹೊಗಳಿದಾಗಲೇ ನಿನಗೂ ಗುಳ್ಳೆ ಎದ್ದಿತ್ತಾ? ಹತ್ತು ಸಲ ಕೇಳಿದ್ದು ಅದಕ್ಕೇನಾ? ನನ್ನದು ಏನೆಂದು ಗೊತ್ತಾದ ಸಂಜೆ ನೀನು ಫೋನ್ ಇಟ್ಟಿದ್ದು ಯಾಕೆ ಎಂದು ಈಗ ತಿಳಿಯಿತು. ಇಷ್ಟು ದಿನ ಒಬ್ಬಳೇ ಹೇಗೆ ಇಟ್ಟುಕೊಂಡೆಯೇ? ಮೇಲೆ ಬರೆದದ್ದನ್ನೆಲ್ಲ ಹೊಡೆದುಹಾಕಬೇಕು ಅನ್ನಿಸುತ್ತದೆ. ಹೊಡೆದುಹಾಕುವುದಿಲ್ಲ, ಬೈಸಿಕೊಳ್ಳಬೇಕಾದವಳೇ ನೀನು.

ನಿನ್ನದು ಬರೀ ಸರ್ಪಸುತ್ತೇ ಆಗಿರಲಿ. ಆದರೆ ಅದನ್ನು ಕೆಮ್ಮಣ್ಣು ಹೇಳಬಾರದು, ನಾನೂ ಹೇಳಬಾರದು, ಡಾಕ್ಟರಮ್ಮ ಹೇಳಲಿ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಸಂಜೆ ಬಸ್ಸು ಪಾವಗಡಕ್ಕೆ ವಾಪಸ್ಸು ಹೋಗುವಾಗ ರಂಗೇಶನ ಕೈಯಲ್ಲೇ ಕೊಡುತ್ತೇನೆ, ನಿನ್ನ ಕೈಗೇ ಕೊಡಬೇಕೆಂದು ಆಣೆ ಹಾಕಿಸುತ್ತೇನೆ. ಓದಿದ ಕೂಡಲೇ ಬಿಸಿನೀರು ಕಾಯಿಸಿ ಆ ಕೆಮ್ಮಣ್ಣನ್ನು ಪೂರ್ತಿ ಒರೆಸು. ನಿನ್ನ ಯಜಮಾನರಿಗೆ ತೋರಿಸು. ನಾನು ಅಡ್ಮಿಟ್ ಆಗುವ ಗುರುವಾರದವರೆಗೆ ಕಾಯುವುದೂ ಬೇಡ, ನಾಳೆ ಬೆಳಿಗ್ಗೆ ಇದೇ ಬಸ್ಸು. ರಕ್ಷಾ ಈಗಲೇ ಆಸ್ಪತ್ರೆಗೆ ಫೋನ್ ಮಾಡಿ ನಿನ್ನ ಹೆಸರು ಬರೆಸುತ್ತಿದ್ದಾಳೆ. ನಾನು ಮಧುಗಿರಿ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಪಕ್ಕದ ಸೀಟಿಗೆ ಟವೆಲ್ ಹಾಕಿಕೊಂಡು ಬಾ.