ಮಣಿಕಟ್ಟಿನ ಚಾಡಿಕೋರ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ನನ್ನ ಬಾಯಿ ಮುಚ್ಚಿಸುತ್ತೀಯ, ಅದಕ್ಕೇ ಈ ಕಾಗದ. ಮನಸ್ಸಿನ ಒತ್ತಡ ಅಳೆಯುತ್ತದೆ ಎಂದು ನೀನು ಕಳಿಸಿದ ಕೈಪಟ್ಟಿ ಇದೆಯಲ್ಲ, ಅದು ಬಂದ ಮೇಲೆ ನನ್ನ ನೆಮ್ಮದಿಯೇ ಹಾಳಾಗಿದೆ.

ಅಂಗಡಿಯಲ್ಲಿ ಕೂತು ಹೊಲಿಗೆ ಯಂತ್ರ ತುಳಿಯತೊಡಗಿದರೆ ಸಾಕು, ಕೆಂಪಾಗಿ ಗುರ್ ಎನ್ನುತ್ತದೆ. ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದು ಉಪದೇಶ ಬೇರೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡವಳು ಉಸಿರೆಳೆದುಕೊಂಡರೆ ಏನಾಗುತ್ತದೆ ಎಂದು ಅದನ್ನು ಮಾಡಿದವರಿಗೆ ಗೊತ್ತಿದೆಯೇ? ಅಷ್ಟರಲ್ಲಿ ನಿನ್ನ ಫೋನು. ಅದು ನಿನ್ನ ಫೋನಿಗೆ ಚಾಡಿ ಹೇಳುವುದು, ನೀನು ಅಂಗಡಿ ಮುಚ್ಚು ಎನ್ನುವುದು. ತಿಂಗಳ ಕೊನೆಗೆ ಖಾಲಿ ಮಾಡುತ್ತೇವೆ ಎಂದು ಕಟ್ಟಡದ ಮಾಲೀಕರಿಗೂ ಹೇಳಿಬಿಟ್ಟಿದ್ದೀಯಂತೆ. ಯಾರನ್ನು ಕೇಳಿ ಹೇಳಿದೆ? ನನಗೆ ತುಂಬಾ ಕೋಪ ಬಂದಿದೆ.

ಹೋದ ವಾರ ಹಸಿರು ಬಂತೆಂದು, "ನೋಡಮ್ಮ, ಎಷ್ಟು ಆರಾಮಾಗಿದ್ದೀಯ ಈಗ" ಅಂತ ಕುಣಿದಾಡಿದೆಯಲ್ಲ, ಅದು ನಾನಲ್ಲ, ನಿಮ್ಮಪ್ಪ. ಕುರ್ಚಿಯಲ್ಲಿ ತೂಕಡಿಸುತ್ತಿದ್ದವರ ಕೈಗೆ ಕಟ್ಟಿಬಿಟ್ಟಿದ್ದೆ. ಆಮೇಲೆ ಟೀವಿಯಲ್ಲಿ ಅವರ ತಂಡ ಸೋಲತೊಡಗಿತು ನೋಡು, ಕೆಂಡದಂತೆ ಕೆಂಪಾಯಿತು. ನೀನು ಗಾಬರಿಬಿದ್ದು ಡಾಕ್ಟರನ್ನೇ ಮನೆಗೆ ಅಟ್ಟಿದೆ. ಪಾಪ, ಅವರು ನನ್ನ ನಾಡಿ ಹಿಡಿದು ನೋಡಿ ಏನೂ ಇಲ್ಲ ಅಂದರು. ಮಾರನೆಯ ದಿನ ಕಾಲು ಗಿಡ್ಡ ಮಾಡಿಕೊಡಿ ಎಂದು ತಮ್ಮ ಪ್ಯಾಂಟು ಕಳಿಸಿದರು.

ಆಮೇಲೆ ನಾನೇ ಕಟ್ಟಿಕೊಂಡು ಕಣ್ಣಿಟ್ಟು ನೋಡಿದೆ. ಯಂತ್ರ ತುಳಿಯುವಾಗಿನ ಕೆಂಪು ಬರೀ ಕೈಕಾಲು ಆಡಿಸಿದ್ದಕ್ಕೆ. ಗಿರಾಕಿ ಜಗಳಕ್ಕೆ ನಿಂತಾಗಲೂ ಹಸಿರೇ. ಕೈಕಾಲು ಆಡಿಸದೆ ಕೂತಾಗಲೂ ಕೆಂಪಾಗುವುದು ಒಂದೇ ಹೊತ್ತಿನಲ್ಲಿ: ನೀನು ಫೋನಿನಲ್ಲಿ "ನಾನು ಚೆನ್ನಾಗಿದ್ದೀನಮ್ಮ" ಅಂದಾಗ. ಅಳಿಯಂದಿರಿಗೆ ಫೋನ್ ಕೊಡು ಅಂದರೆ ಸ್ನಾನಕ್ಕೆ ಹೋಗಿದ್ದಾರೆ ಅನ್ನುತ್ತೀಯ. ಬೆಳಗ್ಗೆಯೂ ಸ್ನಾನ, ಸಂಜೆಯೂ ಸ್ನಾನ. ಆ ಮನುಷ್ಯ ನೀರಿನಿಂದ ಎದ್ದು ಬರುವುದು ಯಾವಾಗ? ನನಗೆ ಭಯವಾಗುತ್ತದೆ ಗುಬ್ಬಿ.

ಅಂಗಡಿ ಮುಚ್ಚುವುದಿಲ್ಲ. ಮಾಲೀಕರಿಗೆ ನಾನೇ ಹೇಳಿಯಾಗಿದೆ.

ಸಿಟ್ಟು ಇನ್ನೂ ಇಳಿಯದ,
ನಿನ್ನ ಅಮ್ಮ

ತಾ.ಕ.: ಕೈಪಟ್ಟಿ ಈ ಕವರಿನಲ್ಲೇ ಇದೆ. ನಿನ್ನ ಸಣಕಲು ಕೈಗೆ ಸರಿಹೋಗುವ ಹಾಗೆ ಬಿಗಿ ಮಾಡಿದ್ದೇನೆ. ಇನ್ನು ಮೇಲೆ ಅದು ನನ್ನ ಫೋನಿಗೆ ಚಾಡಿ ಹೇಳುವಂತೆ ಪಕ್ಕದ ಮೊಬೈಲ್ ಅಂಗಡಿಯವಳ ಹತ್ತಿರ ಮಾಡಿಸಿಕೊಂಡಿದ್ದೇನೆ. ನೀನು ಏನೂ ಹೇಳಬೇಡ, ಕಟ್ಟಿಕೊಂಡರೆ ಸಾಕು. ಕೆಂಪಾದರೆ ನಾನು ನಿನ್ನಂತೆ ಫೋನ್ ಮಾಡುವವಳಲ್ಲ, ಬಸ್ಸು ಹತ್ತುತ್ತೇನೆ.